ವಿಸಿಲಿಗೆ ಮುಂಚೆ

ಇಪ್ಪತ್ತೆರಡು ವರ್ಷ ಇದೇ ರೂಟು.
ಉಡುಪಿ ಬಿಟ್ಟರೆ ಉದ್ಯಾವರ, ಕಟಪಾಡಿ, ಕಾಪು,
ಉಚ್ಚಿಲ, ಪಡುಬಿದ್ರಿ, ಮುಲ್ಕಿ, ಹಳೆಯಂಗಡಿ, ಸುರತ್ಕಲ್.
ಬೆರಳ ಸಂದಿನಲ್ಲಿ ನೋಟು ಮಡಚಿ ಕಣ್ಣು ಮುಚ್ಚಿ ನಿಂತರೂ
ಮೊಣಕಾಲು ಹೇಳುತ್ತಿತ್ತು: ಈಗ ತಿರುವು, ಈಗ ಸಂಕ.
ಮೈ ದಾರಿಯನ್ನು ಕಲಿತಿತ್ತು.
ಅಷ್ಟು ಚೆನ್ನಾಗಿ ಕಲಿತದ್ದೇ ತಪ್ಪಾಯಿತೋ ಏನೋ.

ಆವತ್ತು ಉಚ್ಚಿಲದಲ್ಲಿ
ಮುದುಕಿಯ ಒಂದು ಕಾಲು ಮೆಟ್ಟಿಲ ಮೇಲೆ,
ಇನ್ನೊಂದು ಗಾಳಿಯಲ್ಲಿ.
ನಾನು ಚಿಲ್ಲರೆ ಎಣಿಸುತ್ತಿದ್ದೆ. ಹಿಂದಿನ ಬಸ್ಸು ಬೆನ್ನಿಗೇ ಇತ್ತು.
ಬಾಯಿ ತಾನಾಗಿ ಊದಿತು.
ರೈಟ್, ಪೋಯಿ.

ಆಮೇಲೆ ನನ್ನ ಕುತ್ತಿಗೆ ಎಡಕ್ಕೆ ತಿರುಗುವುದಿಲ್ಲ.
ಬಾಗಿಲು ಇರುವುದು ಎಡಕ್ಕೇ.
ವಿಸಿಲ್ ತುಟಿಗಿಟ್ಟರೆ ಉಸಿರು
ಅರ್ಧ ಎದೆಯಲ್ಲಿ ಕಂಬಿ ಹಿಡಿದು ನಿಲ್ಲುತ್ತದೆ,
ಇಳಿಯುವುದೋ ಬೇಡವೋ ಗೊತ್ತಾಗದವರ ಹಾಗೆ.

ಮಂಗಳೂರಿನ ಆಸ್ಪತ್ರೆಯಲ್ಲಿ ಕೊಳವೆ ಕೊಟ್ಟರು. ಊದಿ ಎಂದರು.
ಊದಿ, ಊದಿ, ಇನ್ನೂ ಊದಿ.
ಪರದೆಯ ಮೇಲೆ ಗೆರೆಯೊಂದು ಗುಡ್ಡ ಹತ್ತಿ ಇಳಿಯಿತು.
'ಏನೂ ತೊಂದರೆ ಇಲ್ಲ' ಎಂದ ಎಳೆಯ ಡಾಕ್ಟರು
ರಿಪೋರ್ಟನ್ನು ಟಿಕೆಟಿನ ಹಾಗೆ ಹರಿದು ಕೊಟ್ಟ.
ಎಲ್ಲಿಗೆ ಟಿಕೆಟು ಅಂತ ಹೇಳಲಿಲ್ಲ.

ನುಗ್ಗೆಸೊಪ್ಪಿನ ಕಿಳಿ, ಬಿಸಿ ಎಳ್ಳೆಣ್ಣೆ, ಏಳು ದಿನ.
ಕಾಲರಿನ ವಾಸನೆಗೆ ಮುಂದಿನ ಸೀಟಿನವರು ಕಿಟಕಿ ತೆರೆದರು.
ಹೆಂಡತಿ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು.
ಘಾಟೇ ಬರಲಿಲ್ಲ. 'ನೋಡಿ, ಎಷ್ಟು ಜನರ ಕಣ್ಣು!'
ನನಗೆ ಗೊತ್ತಿದ್ದದ್ದು ಒಂದೇ ಜೋಡಿ ಕಣ್ಣು,
ಟಾರಿನ ಮೇಲಿಂದ ನೋಡುತ್ತಿದ್ದದ್ದು.
ಅದನ್ನು ಅವಳಿಗೆ ಹೇಳಿರಲಿಲ್ಲ.

ಕಿನ್ನಿಮುಲ್ಕಿಯ ಹಾಲಿನಲ್ಲಿ ಬೆಳಗಿನ ಐದೂವರೆಗೆ ಯೋಗ.
ಸುಗುಣಾ ಟೀಚರು ಹೇಳುವರು:
ಎಳೆಯಿರಿ. ನಾಲ್ಕು ಎಣಿಸುವಷ್ಟು ಹಿಡಿದಿಡಿ. ಬಿಡಿ.
'ಹಿಡಿದಿಡುವುದು ನಮಗಾಗದು ಟೀಚರ್,
ನಿಮಿಷ ತಡವಾದರೆ ದಂಡ.'
ಚಾಪೆಗಳೆಲ್ಲ ನಕ್ಕವು. ಅವರು ನಗಲಿಲ್ಲ.

ಒಂದು ಆದಿತ್ಯವಾರ ಒಂದು ಕಿಲೋ ಮೂಸಂಬಿ ಹಿಡಿದು
ಉಚ್ಚಿಲದಲ್ಲಿಳಿದು ಕೇಳುತ್ತ ಕೇಳುತ್ತ ಕಡಲಬದಿಗೆ ಹೋದೆ.
ವಾರಿಜಕ್ಕ ಮಂಚದಲ್ಲಿ. ಸೊಂಟದೊಳಗೆ ಸ್ಟೀಲು.
ಆಸ್ಪತ್ರೆಯದ್ದು ಮುಗಿದು ಎಣ್ಣೆಯದ್ದು ನಡೆಯುತ್ತಿತ್ತು,
ಪಕ್ಕದ ಮನೆಯ ಐಸಮ್ಮನ ಕೈಯಲ್ಲಿ.
'ಬಸ್ಸಿನವನಲ್ವಾ?' ಅಂದಳು.
ನಾನು ಮಾತು ಕಟ್ಟಿಕೊಂಡು ಹೋಗಿದ್ದೆ. ಎಲ್ಲ ಉದುರಿತು.
'ಚೀಲದಲ್ಲಿ ಒಣ ಬೂತಾಯಿ ಇತ್ತು. ಎಂಟುನೂರು ರೂಪಾಯಿದ್ದು.'
ಕೊಟ್ಟೆ. ಎರಡು ಸಲ ಎಣಿಸಿ
ತಲೆದಿಂಬಿನ ಅಡಿಗಿಟ್ಟಳು.

'ಸುಮ್ಮನೆ ನಿಲ್ಲಬೇಡ' ಎಂದಳು ಐಸಮ್ಮ,
'ಎಕ್ಕದ ಎಲೆ ಬಿಸಿ ಮಾಡು.'
ಮಾಡಿದೆ. ಆಮೇಲೆ ಪಾದ ನೀವಲು ಹೇಳಿದಳು.
ಉಪ್ಪುನೀರಿಗೆ ಒಡೆದ ಹಿಮ್ಮಡಿ,
ಬೆಳ್ಳಿಯ ಕಾಲುಂಗುರ ಇದ್ದ ಜಾಗದಲ್ಲಿ ಬಿಳಿ ಕಲೆ.
ಮೆಟ್ಟಿಲ ಮೇಲಿದ್ದದ್ದು ಇದೋ, ಅದೋ?
ಕೇಳಲಿಲ್ಲ.
'ಮೆಲ್ಲ ಮಗಾ, ನಿನ್ನ ಕೈ ಓಡುತ್ತದೆ.
ಇಲ್ಲಿ ಹಿಂದೆ ಬಸ್ಸಿಲ್ಲ.'

ಆಗ ಎಲ್ಲಿಂದಲೋ
ಉಸಿರು ಪೂರ್ತಿ ಇಳಿಯಿತು, ಹೊಟ್ಟೆಯ ತಳದವರೆಗೆ.
ಕಣ್ಣಿನಲ್ಲೂ ಏನೋ ಇಳಿಯಿತು; ಎಣ್ಣೆಯ ಹೊಗೆ ಎಂದೆ.
ಅವಳು ಮೂಸಂಬಿ ಸುಲಿಯುತ್ತಿದ್ದಳು.
ಕ್ಷಮಿಸಿದೆ ಅಂತೇನೂ ಹೇಳಲಿಲ್ಲ.
ಬರುವ ವಾರ ಬೆಲ್ಲ ತರಲು ಹೇಳಿದಳು.

ಕುತ್ತಿಗೆ ಇನ್ನೂ ಪೂರ್ತಿ ತಿರುಗದು.
ಹೆಗಲು, ಸೊಂಟ, ಕಾಲು ಸಹಿತ ಇಡೀ ನಾನೇ
ಬಾಗಿಲಿಗೆ ತಿರುಗುತ್ತೇನೆ ಈಗ.
ಎರಡು ಕಾಲೂ ನೆಲ ಮುಟ್ಟಿದ ಮೇಲೆ ನಾಲ್ಕು ಎಣಿಸುತ್ತೇನೆ.
ಡ್ರೈವರ್ ಲೋಕಯ್ಯ ಕನ್ನಡಿಯಲ್ಲೇ ಬೈಯುತ್ತಾನೆ.

ಮೊನ್ನೆ ಮುಲ್ಕಿಯಲ್ಲಿ
ಮೂರಕ್ಕೇ ಊದಿಬಿಟ್ಟೆ.
ಯಾರೂ ಬೀಳಲಿಲ್ಲ.
ರಾತ್ರಿ ಮಾತ್ರ ಹೆಂಡತಿಯನ್ನೆಬ್ಬಿಸಿ
ಕುತ್ತಿಗೆಗೆ ಎಣ್ಣೆ ಹಾಕಿಸಿಕೊಂಡೆ.
ಅವಳು ತಿಕ್ಕುತ್ತಿರುವಾಗ, ಮೊದಲ ಸಲ,
ಉಚ್ಚಿಲದ್ದು ಹೇಳಿದೆ.