ಖಾಲಿ ಡಬ್ಬಿಯ ಎಣಿಕೆ

ಕವರತ್ತಿಯಿಂದ ಬಂದ ಪಾರ್ಸೆಲ್ಲು
ಬಿಚ್ಚಿದರೆ ಲಟ್ಟಣಿಗೆ ದಪ್ಪದ ಕಲ್ಲು.
"ಹವಳ ಅಂದ್ರಿ, ಕೆಂಪಗೇ ಇಲ್ಲಲ್ಲ ಮೇಡಂ"
ಎಂದ ಪಾಲಯ್ಯ, ಉಂಗುರದ ಬೆರಳು ಮುಂದೆ ಚಾಚಿ.
ಕುಜದೋಷಕ್ಕೆಂದು ಮಾವ ಕೊಡಿಸಿದ್ದು.
ಅದು ಗಾಜೆಂದು ನನಗೆ ಗೊತ್ತು. ಹೇಳಿಲ್ಲ.

ಸುಣ್ಣದ ಬಿಳಿ. ಮೂಸಿದರೆ ಇನ್ನೂ ಮೀನು.
ಮೈತುಂಬ ಗೆರೆ, ತಿಳಿಯೊಂದು ಮಬ್ಬೊಂದು,
ಜೋಡಿಗೊಂದು ವರ್ಷ.
ಹೆಬ್ಬೆರಳಿಟ್ಟರೆ ನಾಲ್ಕು ವರ್ಷ ಮುಚ್ಚುತ್ತದೆ.

ಗೆರೆಗೆರೆಯನ್ನೂ ಬೇರೆಯಾಗಿ ಕುಟ್ಟಿ
ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ಮೇಣ ಬಳಿದು
ತಿಂಗಳು ಕಪಾಟಿನಲ್ಲಿ ಬಿಡಬೇಕು,
ತಾಯಿ ಧಾತು ಹೆತ್ತಷ್ಟೇ
ಮಗಳು ಧಾತು ಸಾಯುವ ಸಮಕ್ಕೆ ಬರುವ ತನಕ.
ನಡುವೆ ಗಾಳಿಯಾಗಿ ಓಡಿಹೋಗುವ ಮಗಳೊಬ್ಬಳಿದ್ದಾಳೆ;
ಮೇಣ ಅವಳಿಗಾಗಿ.

ಅಷ್ಟರೊಳಗೆ ಖಾಲಿ ಡಬ್ಬಿಯ ಎಣಿಕೆ.
ಏನೂ ಇಲ್ಲದ್ದನ್ನು ಸೀಸದ ಗೂಡಿಗಿಟ್ಟು
ಮೂರು ದಿನ ಕಾಯುವುದು.
ಯಂತ್ರ ತಣ್ಣಗಿರಲು ದ್ರವ ಸಾರಜನಕ:
ಪಶು ಆಸ್ಪತ್ರೆಯವರು ಹೋರಿ ವೀರ್ಯ ಕಾಪಾಡಲು
ತರಿಸುವ ಲೋಡಿನಲ್ಲೇ ನಮಗೂ ಹತ್ತು ಲೀಟರು.
ಸಹಿ ಹಾಕಿ ತರುತ್ತಾನೆ ಪಾಲಯ್ಯ, ಟಿವಿಎಸ್ ಮೇಲೆ,
ಹೊಗೆಯಾಡುವ ಕ್ಯಾನು ಕಾಲ ನಡುವೆ.

ಖಾಲಿಯಲ್ಲೂ ಪರದೆಯಲ್ಲಿ ಗುಡ್ಡ ಏಳುತ್ತದೆ,
ಸಾವಿರದ ನಾನೂರ ಅರವತ್ತರ ಹತ್ತಿರ, ಚೂಪಾಗಿ.
ಪೊಟ್ಯಾಸಿಯಂ.
ದುರ್ಗದ ಗೋಡೆ, ನೆಲ, ಕೂರುವ ಕಟ್ಟೆ,
ಬಂಡೆ ಒಡೆದು ಕಟ್ಟಿದ್ದೆಲ್ಲ
ಸೀಸ ತೂರಿ ಬಂದು ಮಾತಾಡುತ್ತಿದೆ.
ಕಿಟಕಿಯಾಚೆ ಬೆಟ್ಟ ಸುಮ್ಮನೆ ಕೂತಂತೆ ಕಾಣುವುದು
ಬರೀ ನಟನೆ.
ಹತ್ತಿರ ನಿಂತರೆ ನಾನೂ ಒಂದೆರಡು ಸೇರುತ್ತೇನೆ ಲೆಕ್ಕಕ್ಕೆ,
ಬಾಳೆಹಣ್ಣು ತಿಂದು ಬಂದ ಪಾಲಯ್ಯನೂ.

ಆಮೇಲೆ ಹವಳ. ಗೆರೆಗೊಂದು ಹಗಲು, ಒಂದು ರಾತ್ರಿ.
ಬಂದದ್ದರಲ್ಲಿ ಊರನ್ನು ಕಳೆದೆ.
ಉಳಿದ ಕಡಲು ಒಂದು ಚಿಟಿಕೆ.
ಎಪ್ಪತ್ತೆಂಟರ ಗೆರೆಯಲ್ಲಿ ರೇಡಿಯಂ ತುಸು ಜಾಸ್ತಿ
ಅನ್ನಿಸಿತು; ತಪ್ಪಿನ ಅಂಚು ಅದಕ್ಕಿಂತ ಅಗಲ.
ಆ ವರ್ಷ ಆಳದ ನೀರು ಮೇಲೆದ್ದಿತೋ,
ದಡದ ಮರಳಿನಡಿಯಿಂದ ಸಿಹಿನೀರು ಒಸರಿತೋ,
ಹೇಳಲಾರೆ.
'ಮತ್ತೆ ಎಣಿಸಬೇಕು' ಎಂದು ಬರೆದಿಟ್ಟೆ.

"ಇಷ್ಟೇನಾ?" ಎಂದ ಪಾಲಯ್ಯ, ಅಂಕಿ ನೋಡಿ.
ಇಷ್ಟೇ.
"ನನ್ನ ಉಂಗುರಾನೂ ಇಟ್ಟು ನೋಡ್ರಿ ಒಂದ್ಸಲ,
ಹೆಂಗೂ ಶನಿವಾರ ಖಾಲಿ ಐತಲ್ಲ."

ಸೋಪು ಹಚ್ಚಿ ಕಳಚಿದ. ಇಟ್ಟೆ.
ಊರನ್ನು ಕಳೆದರೆ ಸೊನ್ನೆ.
ಕಳೆಯದೆ ತೋರಿಸಿದೆ.
ಚೂಪು ಗುಡ್ಡದ ತುದಿಗೆ ಬೆರಳಿಟ್ಟು,
ಬಿಳಿ ಬಳೆಯಂತೆ ಉಂಗುರದ ಗುರುತು ಉಳಿದ ಬೆರಳು,
"ಐತಿ ನೋಡ್ರಿ" ಎಂದ.