ತುಲಿ

ತಾರ್ತುವಿನ ಜನವರಿ. ಬೆಳಗಿನ ಎಂಟೂವರೆಗೂ
ಕಿಟಕಿಯ ಗಾಜಿಗೆ ಇರುಳು ಅಂಟಿಕೊಂಡೇ ಇತ್ತು.
ಆಲೂಗಡ್ಡೆ ಚೀಲದಲ್ಲಿ ಮೂವತ್ತೊಂದು ನೋಟುಪುಸ್ತಕ ತುಂಬಿ ತಂದು
ಸಾಲ್ಮೆ ಪಿಹ್ಲಾಕ್ ಮೇಜಿನ ಮೇಲೆ ಸುರಿದಳು:
"ತಗೊಳ್ಳಿ, ನನ್ನ ಕನಸು. ಮನೆಯಲ್ಲಿ ಜಾಗ ಇಲ್ಲ."

ವಾಲ್ಗಾ ನಿಲ್ದಾಣದಲ್ಲಿ ಟಿಕೆಟ್ ಹರಿದುಕೊಟ್ಟ ಕೈ.
ದುಂಡಗಿನ ಅಕ್ಷರ, ಅಂಚು ಬಿಡದೆ,
ಹಾಳೆಗೆ ದುಡ್ಡು ತೆತ್ತವರ ಬರಹ.
ಮೊದಲು ದಿನಾಂಕ, ಆಮೇಲೆ ಹವೆ, ಆಮೇಲೆ ಕನಸು:
ಹೊರಗೆ ಮೈನಸ್ ಹದಿನೇಳು.
ಹಸುವೊಂದು ಪಿಯಾನೋ ನುಂಗಿತು.

ನಾನು ಹಾಳೆ ತಿರುವುವವಳು, ಗಂಟೆ ಲೆಕ್ಕದ ಕೂಲಿ.
ಸ್ಕ್ಯಾನರಿನ ಹಸಿರು ಗೆರೆ
ಅವಳ ನಿದ್ದೆಯ ಮೇಲೆ ಹಾದುಹೋಗುವುದನ್ನು ನೋಡುತ್ತ
ಎರಡು ಚಳಿಗಾಲ ಕಳೆದೆ.
ಇಂದ್ರೆಕ್ ಪ್ರೋಗ್ರಾಮು ಬರೆದ. ಅದು ಪದಗಳನ್ನು
ಅವರೆಕಾಯಿಯಂತೆ ಸುಲಿದು ಮೊರ ಮೊರಕ್ಕೆ ಹಾಕಿತು:
ಭಯ ಇಲ್ಲಿ, ಊಟ ಇಲ್ಲಿ, ನೀರು, ಪ್ರಾಣಿ, ಸತ್ತವರು.
ಪಿಯಾನೋಗೆ ಮೊರ ಸಿಗಲಿಲ್ಲ.

ಫಲಿತಾಂಶ ಬಂದ ದಿನ ಇಂದ್ರೆಕ್ ಕಾಫಿ ಮರೆತ.
ಬೆಂಕಿ: ನಾನ್ನೂರ ಹನ್ನೆರಡು ಸಲ.
ಬೇರೆ ಯಾರ ಕನಸೂ ಹೀಗೆ ಉರಿದಿರಲಿಲ್ಲ.
ನಕ್ಷೆಯಲ್ಲಿ ಒಂದು ಕೆಂಪು ಗೋಪುರ,
ಉಳಿದದ್ದೆಲ್ಲ ಅದರ ಕಾಲಡಿಯ ಹುಲ್ಲು.
ಯುದ್ಧದ ವರ್ಷ ಹುಟ್ಟಿದವಳಲ್ಲವೇ, ಎಂದ.
ಹೊತ್ತಿದ ಮನೆ ಇರಬೇಕು, ಕೊಟ್ಟಿಗೆ ಇರಬೇಕು,
ಕೇಳದೆ ಬಿಡುವುದೇ ಒಳಿತೇನೋ, ಎಂದು ದನಿ ತಗ್ಗಿಸಿದ.
ಬೂದಿ ಮುಚ್ಚಿದ ಕೆಂಡ ಎಂಬ ಮಾತು
ನನ್ನ ನಾಲಿಗೆಯ ತುದಿಗೂ ಬಂದಿತ್ತು, ನಾಚಿಕೆಯಿಲ್ಲದೆ.

ಕೊನೆಗೆ ಕೇಳಿಯೇಬಿಟ್ಟೆವು.
ಸಾಲ್ಮೆ ಕನ್ನಡಕ ಮೂಗಿಗಿಳಿಸಿ ಪಟ್ಟಿ ನೋಡಿದಳು,
ತೊಡೆ ತಟ್ಟಿಕೊಂಡು ನಕ್ಕಳು, ಕೆಮ್ಮು ಬರುವವರೆಗೆ.
"ಯಾವ ಬೆಂಕಿ? ಬೆಂಕಿಯಲ್ಲ ಕಣೋ, ಬರವು!"

ಅವರ ನುಡಿಯಲ್ಲಿ ಬೆಂಕಿಗೂ ತುಲಿ,
ರೈಲಿನವನ ಲಾಟೀನಿನ ಬೆಳಕಿಗೂ ತುಲಿ,
ಬಂದದ್ದಕ್ಕೂ ತುಲಿ.
'ತಾ ತುಲಿ' ಎಂದು ಬರೆದಿದ್ದಳು, ಅಷ್ಟೇ,
ವರ್ಷಗಟ್ಟಲೆ, ಹವೆಯ ಕೆಳಗೆ.

ಆ ಮಧ್ಯಾಹ್ನ ನಾನ್ನೂರ ಒಂದು ಬೆಂಕಿ ಆರಿಸಿದೆವು.
ಹನ್ನೊಂದು ಉಳಿದವು, ಎಲ್ಲವೂ ಸೌನಾದ ಒಲೆಯವು.
ಒಂದರಲ್ಲಿ ಮೀನು ಸೀದಿತ್ತು.

ಗೋಪುರವೇನೋ ಕುಸಿಯಿತು. ಇನ್ನೊಂದು ಮೊರ ಖಾಲಿ:
ಬಂದದ್ದು ಗಂಡೋ ಹೆಣ್ಣೋ, ಪ್ರೋಗ್ರಾಮು ಕೇಳುತ್ತದೆ.
ಅವರ 'ತಾ' ಎರಡಕ್ಕೂ ಹೌದು;
ಅವನು, ಅವಳು ಎಂಬ ಬೇರೆ ಬೇರೆ ಬಾಗಿಲು ಆ ಮನೆಗಿಲ್ಲ.
ನಮ್ಮಲ್ಲಿ 'ತಾ' ಎಂದರೆ ತಾನೇ,
ಇಲ್ಲವೇ, ಕೊಡು ಇತ್ತ, ಎಂದು ಚಾಚಿದ ಕೈ.
ಈಗ ಇದನ್ನು ಕನ್ನಡದಲ್ಲಿ ಬರೆಯುತ್ತಾ
ಬಂದನೆನ್ನಲೇ ಬಂದಳೆನ್ನಲೇ ಎಂದು
ಕ್ರಿಯಾಪದದ ಬಾಲ ಹಿಡಿದು ನಿಂತಿದ್ದೇನೆ.
ಬಂದರು ಎಂದು ಬಹುವಚನ ಹೊದಿಸಬಹುದಿತ್ತು.
ಆದರೆ ಅಷ್ಟೊಂದು ಮರ್ಯಾದೆಯ ಪರಿಚಯವಲ್ಲ ಅದು:
ಹಿಮದ ಬೂಟು ಬಿಚ್ಚದೆ ನೇರ ಅಡುಗೆಮನೆಗೆ,
ಜಾಡಿಯ ಸೌತೆಕಾಯಿಗೇ ಕೈ.
ಆಮೇಲೆ ಕೂರುವುದು. ಮಾತಿಲ್ಲ.

"ಯಾರದು?" ಎಂದ ಇಂದ್ರೆಕ್.
ಸಾಲ್ಮೆ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು.
"ಗೊತ್ತಿದ್ದಿದ್ರೆ ಮೂವತ್ತೊಂದು ಪುಸ್ತಕ ಬರೀತಿದ್ನಾ?"
ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟು ಹೊರಟಳು,
ವಾಲ್ಗಾದ ಬಸ್ಸಿಗೆ ಹೊತ್ತಾಗಿತ್ತು.

ಪ್ರೋಗ್ರಾಮಿಗೆ ಖಾಲಿ ಬಿಟ್ಟರೆ ಆಗದು.
ಆ ಖಾನೆಯಲ್ಲಿ ಸೊನ್ನೆ ಇಟ್ಟಿದ್ದೇವೆ,
ನಾನ್ನೂರ ಒಂದು ಸಲ,
ತೊಳೆದು ಬೋರಲು ಹಾಕದೆ ಬಿಟ್ಟ ತಟ್ಟೆಗಳಂತೆ.