ಶ್ವಾಸ ಸೋಡಾ

ಕಿಡ್ನಿ ಕೈಕೊಟ್ಟಿದೆ, ಸಿಟಿ ಸ್ಕ್ಯಾನಿನ ಮದ್ದು ತಾಳದು ಎಂದು
ಪರೇಲಿನ ಈ ಕತ್ತಲೆ ಕೋಣೆಗೆ ಅಟ್ಟಿದರು ನನ್ನ.
ಲಿವರಿನಲ್ಲಿ ಏನೋ ಇದೆಯಂತೆ,
ಗೋಲಿಯಷ್ಟು.

ಗೋಲಿ ನನಗೆ ಹೊಸತಲ್ಲ.
ಬೈಕಲಾದ ಸೋಡಾ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ
ಬಾಟಲಿ ತಿರುಗಿಸಿದವ ನಾನು, ದೂಮ ಬಂಗೇರ.
ಗ್ಯಾಸು ಹೊಕ್ಕ ನೀರಿಗೆ ಸಿಟ್ಟು ಮೂಗಿನ ತುದಿಯಲ್ಲಿ;
ಹುಬ್ಬಿನ ಮೇಲಿನ ಗೀರು ನೋಡಿ,
ಎಪ್ಪತ್ತೊಂಬತ್ತರ ಮೇ ತಿಂಗಳದ್ದು.

ಲಿವರು ನೋಡುವಾಕೆಯ ಅಡ್ಡಹೆಸರು ದಾರೂವಾಲಾ.
ನಗು ನುಂಗಿದೆ.
ಕಿರುಬೆರಳಷ್ಟು ಸೀಸೆಗೆ ಉಪ್ಪುನೀರು ಬಿಟ್ಟು
ಕುಲುಕಿದಳು. ಪುಡಿ ಹಾಲಾಯಿತು.
ಏನಿದು ಅಂದೆ.
ಗುಳ್ಳೆ ಅಂದಳು.

ನರದೊಳಗೆ ಗಾಳಿ ಹೊಕ್ಕರೆ ಆಳು ಉಳಿಯುವುದಿಲ್ಲ ಎಂದು
ನಮ್ಮ ಗಲ್ಲಿಯ ಕಂಪೌಂಡರ್ ಹೇಳುತ್ತಿದ್ದ.
ಎದ್ದು ಕೂತೆ.
ರಕ್ತದ ಕಣಕ್ಕಿಂತ ಚಿಕ್ಕವು ಕಾಕಾ,
ಒಂದೊಂದಕ್ಕೂ ಕೊಬ್ಬಿನ ತೆಳು ಅಂಗಿ, ಮಲಗಿ.

ಮಶೀನಿನ ದನಿ ಇಳಿಸಿದಳು.
ಜೋರಾಗಿ ಕರೆದರೆ ಒಡೆದೇ ಹೋಗುತ್ತವಂತೆ,
ಪಿಸುಗುಟ್ಟಿದರೆ ಮಾತ್ರ ಓಗೊಡುತ್ತವಂತೆ.
ನಮ್ಮ ಶೇಟ್‌ಗೆ ಈ ವಿದ್ಯೆ ಗೊತ್ತಿರಲಿಲ್ಲ.

ಅರ್ಧ ಚಮಚ ಹಾಲು, ಬೆನ್ನಿಗೇ ಉಪ್ಪುನೀರು,
ಮೊಣಕೈ ಮಡಿಕೆಯಲ್ಲಿ ತಣ್ಣಗೆ.
ಗಡಿಯಾರ ಹೊರಟಿತು.
ಹತ್ತು ಸೆಕೆಂಡು ಬರೀ ಮಸಿ.
ಹದಿನಾಲ್ಕಕ್ಕೆ ಒಂದು ಎಳೆ,
ಆಮೇಲೆ ಕರೆಂಟು ಮರಳಿದ ಚಾಳಿನ ಹಾಗೆ
ಮಹಡಿ ಮಹಡಿಯಾಗಿ ಹತ್ತಿಕೊಂಡಿತು ನನ್ನ ಲಿವರು.
ಗೋಲಿಯದೊಂದೇ ಖೋಲಿ ಕತ್ತಲೆ,
ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಬೆಳಕಿನ ಹನಿ.

ಶ್ವಾಸ ರೋಖಾ, ಅಂದಳು. ಹಿಡಿದೆ.
ಶ್ವಾಸ ಸೋಡಾ.
ಬಿಡಿ ಅನ್ನುವುದಕ್ಕೆ ಮರಾಠಿಯಲ್ಲಿ ಸೋಡಾ.
ಐವತ್ತು ವರ್ಷ ಈ ಊರಿನ ನೀರು ಕುಡಿದೂ
ಆ ಮಾತು ನನಗೆ ಬಾಟಲಿಯಲ್ಲೇ ಉಳಿದಿತ್ತು.

ಎರಡು ನಿಮಿಷ. ಮೂರು.
ಹನಿಗಳು ಒಳಗೊಳಗೆ ತೆವಳಿದವು, ಅವಸರವಿಲ್ಲದೆ.
ಅವಳು ಮಾತಾಡಲಿಲ್ಲ, ನಾನು ಕೇಳಲಿಲ್ಲ.
ಐದಕ್ಕೆ ನಡುಮಧ್ಯವೂ ತುಂಬಿ, ಆರದೆ ನಿಂತಿತು.
ಬೇಗ ಹೊಳೆದು ಬೇಗ ಬಾಡಿದ್ದರೆ
ಬೇರೆ ಮಾತು ಆಡಬೇಕಿತ್ತು ಅಂದಳು ಆಗ;
ಇದು ರಕ್ತನಾಳದ ಗಂಟು, ಬಡಪಾಯಿ,
ಇರಲಿ ಬಿಡಿ.

ಗುಳ್ಳೆಗಳು?
ಉಸಿರಲ್ಲೇ ಹೋಗುತ್ತವೆ, ಕಾಲು ಗಂಟೆ ಕೂತಿರಿ.

ಹೊರಗೆ ಬೆಂಚಿನ ಮೇಲೆ
ಲಕೋಟೆ ಅವುಚಿಕೊಂಡು ಯಾರೋ ಹೆಂಗಸು, ಮುಂದಿನ ಸರದಿ.
ಅವಳತ್ತ ಬೇಡವೆಂದು ಗೋಡೆಗೆ ಮುಖ ಮಾಡಿ
ಮೆಲ್ಲಗೆ ಬಿಟ್ಟೆ, ಇನ್ನೊಮ್ಮೆ ಬಿಟ್ಟೆ.
ಗೋಲಿ ಕೆಳಗಿಳಿಯುವ ಆ ಸದ್ದು ಮಾತ್ರ
ಬರಲಿಲ್ಲ.